ಗೋಡೆಯ ಮೇಲೆ ಬೋರಲು ಮಲಗಿದವನು

ಯಾವುದೇ ಕಾರ್ಖಾನೆಯ ಪ್ಯಾನೆಲ್ ರೂಮಿಗೆ ಹೋಗಿ. ನೆಲಕ್ಕೆ ರಬ್ಬರ್ ಮ್ಯಾಟು, ಮೂಲೆಯಲ್ಲಿ ಮರಳಿನ ಕೆಂಪು ಬಕೆಟ್ಟು, ಗೋಡೆಯ ಮೇಲೆ ದೂಳು ಮೆತ್ತಿದ ಶಾಕ್ ಟ್ರೀಟ್‌ಮೆಂಟ್ ಚಾರ್ಟು. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 44ನೇ ನಿಯಮ ಅದನ್ನು ಕಡ್ಡಾಯ ಮಾಡಿತ್ತು. ಸ್ಥಳೀಯ ಭಾಷೆಯೂ ಇರಲೇಬೇಕಿತ್ತು. ಆ ನೆಪದಲ್ಲಾದರೂ ಕನ್ನಡ ಅಲ್ಲಿ ಗೋಡೆ ಹತ್ತಿತು.

ಹಳೆಯ ಚಾರ್ಟುಗಳಲ್ಲಿ ಒಬ್ಬ ಬೋರಲು ಮಲಗಿರುತ್ತಾನೆ, ಇನ್ನೊಬ್ಬ ಮಂಡಿಯೂರಿ ಅವನ ಬೆನ್ನು ಒತ್ತುತ್ತಿರುತ್ತಾನೆ. ಎಡಿನ್‌ಬರೊದ ಶರೀರಶಾಸ್ತ್ರಜ್ಞ ಎಡ್ವರ್ಡ್ ಶೇಫರ್ 1903ರಲ್ಲಿ, ನೀರಿನಲ್ಲಿ ಮುಳುಗಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿಕೊಟ್ಟ ವಿಧಾನವದು. 1932ರಲ್ಲಿ ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್ ಅದಕ್ಕೆ ತೋಳೆತ್ತುವುದನ್ನು ಸೇರಿಸಿದರು. ಇಬ್ಬರ ಚಿಂತೆಯೂ ಉಸಿರಿನದೇ. ಆದರೆ ಕರೆಂಟು ಹೊಡೆದವನಿಗೆ ಎಷ್ಟೋ ಸಲ ಮೊದಲು ಕೈಕೊಡುವುದು ಹೃದಯ. ಅದು ಬಡಿಯುವುದು ಬಿಟ್ಟು ಅದುರತೊಡಗುತ್ತದೆ. ರಕ್ತ ಮುಂದೆ ಹೋಗುವುದಿಲ್ಲ.

ಈ ಅದುರುವಿಕೆಯ ಬೆನ್ನು ಹತ್ತಿದವರು ವಿಲಿಯಂ ಕೌವೆನ್‌ಹೋವನ್. ಡಾಕ್ಟರಲ್ಲ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ಎಂಜಿನಿಯರ್! ಲೈನ್‌ಮನ್‌ಗಳ ಸಾವು ಹೆಚ್ಚಿದಾಗ ಅಮೆರಿಕದ ವಿದ್ಯುತ್ ಕಂಪನಿಗಳು 1920ರ ದಶಕದಲ್ಲಿ ಸಂಶೋಧನೆಗೆ ಹಣ ಕೊಟ್ಟವು. ಮುಂದಿನ ಮೂರು ದಶಕ ನಾಯಿಗಳ ಮೇಲೆ ಪ್ರಯೋಗ, ಯುದ್ಧದ ಬಿಡುವು, ಮತ್ತೆ ಪ್ರಯೋಗ. 1958ರಲ್ಲಿ ಅವರ ಶಿಷ್ಯ ಗೈ ನಿಕರ್‌ಬಾಕರ್, ಅದುರುವ ಹೃದಯವನ್ನು ಶಾಕ್ ಕೊಟ್ಟು ಸರಿದಾರಿಗೆ ತರುವ ಯಂತ್ರವಾದ ಡಿಫಿಬ್ರಿಲೇಟರಿನ ಭಾರದ ಹಿಡಿಗಳನ್ನು ನಾಯಿಯ ಎದೆಗೆ ಅದುಮಿದರು. ಶಾಕ್ ಕೊಡುವ ಮೊದಲೇ ರಕ್ತದೊತ್ತಡ ತುಸು ಏರಿತ್ತು. ಮೀಟರು ಕೆಟ್ಟಿದೆ ಎಂದುಕೊಂಡು ಸುಮ್ಮನಾಗಬಹುದಿತ್ತು, ಪುಣ್ಯಾತ್ಮ ಆಗಲಿಲ್ಲ. ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆಗೂಡಿದರು. 1960ರಲ್ಲಿ ಮೂವರ ಲೇಖನ ಬಂತು: ಅಂಗಾತ ಮಲಗಿಸಿ, ಬರಿಗೈಯಲ್ಲಿ ಎದೆ ಒತ್ತಿ. ಇವತ್ತು ನಾವು ಸಿಪಿಆರ್ ಎನ್ನುವುದರ ಅರ್ಧಭಾಗ ಅದೇ. 1969ರಲ್ಲಿ ಆ ಎಂಜಿನಿಯರಿಗೆ ಹಾಪ್ಕಿನ್ಸ್ ಗೌರವ ವೈದ್ಯ ಪದವಿ ಕೊಟ್ಟಿತು.

ಲೈನ್‌ಮನ್‌ಗಳಿಗಾಗಿ ಹುಟ್ಟಿದ ವಿದ್ಯೆ ಆಸ್ಪತ್ರೆ, ವಿಮಾನ ನಿಲ್ದಾಣಗಳನ್ನೆಲ್ಲ ಸೇರಿತು. ನಮ್ಮ ಎಷ್ಟೋ ಪ್ಯಾನೆಲ್ ರೂಮುಗಳ ಗೋಡೆಗೆ ಮಾತ್ರ ಇನ್ನೂ ಬಂದಿಲ್ಲ ಎನ್ನುವುದೇ ನನ್ನ ಸಿಟ್ಟು. ಚಾರ್ಟಿನ ಮೇಲಿನ ಸಾಲುಗಳ ಬಗ್ಗೆ ತಕರಾರಿಲ್ಲ: ಮೊದಲು ಮೇನ್ ಆಫ್ ಮಾಡಿ, ಬರಿಗೈಯಲ್ಲಿ ಮುಟ್ಟಬೇಡಿ, ಒಣಮರದ ಕೋಲಿನಿಂದ ಬಿಡಿಸಿ. ಕೆಳಗಿನ ಚಿತ್ರ ಬದಲಿಸಲು ಎಷ್ಟು ಖರ್ಚಾದೀತು? ಇನ್‌ಸ್ಪೆಕ್ಷನ್‌ಗೆ ಚಾರ್ಟು ಇದ್ದರೆ ಸಾಕು ಅಂತ ಹೊಸ ಫ್ರೇಮು ಹಾಕಿಸುತ್ತಾರೆ, ಒಳಗೆ ಅದೇ ಶೇಫರ್.