ಹಳೇ ಜೀಪಿನ ತಳಕ್ಕೆ ಹೊಸ ಆಧಾರ ಪಟ್ಟಿ

ಚಳ್ಳಕೆರೆ ಸೀಮೆಯ ನಮ್ಮಂಥ ಮಳೆ ನಂಬಿದ ರೈತರಿಗೆ ಹಳೇ ಮಹೀಂದ್ರ ಜೀಪು ಒಂದು ಜೋಡಿ ಎತ್ತಿಗೆ ಸಮ. ಶೇಂಗಾ ಚೀಲ, ಗೊಬ್ಬರ, ಮೇವು, ಕೂಲಿಯವರು ಎಲ್ಲಾ ಅದರಲ್ಲೇ. ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಮುಟ್ಟಿಸೋದೂ ಅದೇ. ಇಂಥ ಗಾಡಿ ಇಂಜಿನ್ ಗಟ್ಟಿ ಇದ್ದರೂ ತಳ ಕೊಳೆತು ಗುಜರಿ ಸೇರೋದುಂಟು. ನಮ್ಮ ಜೀಪಿನ ತಳವನ್ನು ಊರ ವೆಲ್ಡಿಂಗ್ ಅಂಗಡಿಯಲ್ಲೇ, ಪಕ್ಕದಲ್ಲಿ ನಿಂತು ಸರಿ ಮಾಡಿಸಿದ್ದೇನೆ. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಕೊಳೆಯೋದು ಎಲ್ಲಿಂದ?

ಜೀಪಿನಲ್ಲಿ ಕೆಳಗೆ ಏಣಿಯಂಥ ಚಾಸಿ, ಮೇಲೆ ತಗಡಿನ ಬಾಡಿ. ನಡುವೆ ಭಾರ ಹೊರೋದು ಎರಡು ಸಾಮಾನು: ನೆಲದ ತಗಡಿಗೆ ಕೆಳಗಿಂದ ಬೆಸೆದ ಅಡ್ಡಪಟ್ಟಿಗಳು, ಚಾಸಿಯ ಬದಿಗೆ ಕೂಡಿಸಿದ ಬ್ರಾಕೆಟ್‌ಗಳು. ಅಡ್ಡಪಟ್ಟಿ ಅಂದರೆ ಅಂಚಿರುವ ಟೋಪಿಯಂತೆ ಮಡಿಸಿದ ತಗಡು, ಒಳಗೆ ಪೊಳ್ಳು. ಆ ಪೊಳ್ಳಿನಲ್ಲಿ ಎರೆಮಣ್ಣು ತುಂಬಿದರೆ ತೇವ ಆರುವುದಿಲ್ಲ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಈ ಪೊಳ್ಳಿಗೆ ಮರದ ತುಂಡು ತುಂಬಿರುತ್ತಿತ್ತು. ಮರ ನೀರು ಹೀರಿ ಪಟ್ಟಿ ತಿಂದು ಹಾಕುತ್ತಿತ್ತು. ನಮ್ಮಲ್ಲಿ ಇನ್ನೊಂದು ಶತ್ರು ಗೊಬ್ಬರ. ಪೊಟ್ಯಾಷ್ ಚೀಲ ಸೋರಿದ ಜಾಗದಲ್ಲಿ ತುಕ್ಕು ಬೇಗ ಏರುತ್ತೆ, ಅದರಲ್ಲಿ ಉಪ್ಪಿನ ಅಂಶ ಇದೆ.

ಸುತ್ತಿಗೆಯಿಂದ ಪಟ್ಟಿ ತಟ್ಟಿ ನೋಡಿ. ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಟೊಳ್ಳು. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋದರೆ ಪಟ್ಟಿ ಮುಗಿದಂತೆ. ಮೇಲಿನ ನೆಲಕ್ಕೆ ಮಾತ್ರ ತೇಪೆ ಹಾಕಿಸಿ ಸುಮ್ಮನಾಗಬೇಡಿ. ಪಕ್ಕದೂರಿನವರೊಬ್ಬರು ಹಾಗೇ ಮಾಡಿಸಿದ್ದರು. ಹಳ್ಳ ದಾಟುವಾಗ ಸೀಟು ಒಂದು ಕಡೆಗೆ ವಾಲಿತು. ಪುಣ್ಯಕ್ಕೆ ಗಾಡಿ ನಿಧಾನವಾಗಿತ್ತು.

ಕತ್ತರಿಸುವ ಮುಂಚೆ

ಬ್ಯಾಟರಿ ವೈರು ಕಳಚಿ. ನಮ್ಮ ಜೀಪಿನ ಡೀಸೆಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇದೆ, ಅದನ್ನು ಇಳಿಸಿ ದೂರ ಇಡಬೇಕು. ಖಾಲಿ ಟ್ಯಾಂಕು ಅಂತ ಉದಾಸೀನ ಬೇಡ, ಒಳಗಿನ ಆವಿಗೂ ಬೆಂಕಿ ಹತ್ತುತ್ತೆ. ಜಾಕಿನ ಮೇಲೆ ಮಾತ್ರ ನಿಂತ ಗಾಡಿ ಕೆಳಗೆ ಯಾರೂ ತೂರಬಾರದು, ಮರದ ದಿಮ್ಮಿ ಕೊಡಿ.

ಬಾಡಿಯ ಅಳತೆಯನ್ನು ಮೂಲೆಯಿಂದ ಮೂಲೆಗೆ, ಎರಡೂ ಕಡೆ ಟೇಪು ಹಿಡಿದು ಬರೆದುಕೊಳ್ಳಿ. ಒಂದು ಪಟ್ಟಿ ತೆಗೆದು, ಹೊಸದು ಕೂಡಿಸಿ, ಆಮೇಲೆ ಮುಂದಿನದು. ಎಲ್ಲಾ ಒಟ್ಟಿಗೆ ಕಿತ್ತರೆ ಬಾಡಿ ಸೊಟ್ಟಗಾಗುತ್ತೆ.

ಮಾಡುವ ಕ್ರಮ

ಹಳೇ ಪಟ್ಟಿಯ ಆಕಾರಕ್ಕೆ ಮೊದಲು ರಟ್ಟು ಕತ್ತರಿಸಿ ಕೂಡಿಸಿ ನೋಡಿ. ಅದು ಸರಿ ಬಂದ ಮೇಲೆ ತಗಡು ಕತ್ತರಿಸಿ. ಪಟ್ಟಿಗೆ 2 ಮಿ.ಮೀ., ಬ್ರಾಕೆಟ್‌ಗೆ 3 ಮಿ.ಮೀ. ತಗಡು ಹಾಕಿಸಿದೆ. 2 ಮಿ.ಮೀ. ತಗಡು ಚದರಡಿಗೆ ಸುಮಾರು ಒಂದೂವರೆ ಕೆ.ಜಿ. ತೂಗುತ್ತೆ. 4 ಅಡಿ ಉದ್ದ, ಬಿಚ್ಚಿದಾಗ 7 ಇಂಚು ಅಗಲದ ಪಟ್ಟಿ ಅಂದರೆ ಮೂರೂವರೆ ಕೆ.ಜಿ. ಐದು ಪಟ್ಟಿಗೆ 17-18 ಕೆ.ಜಿ. ನಿಮ್ಮೂರಿನ ದರ ಹಾಕಿ ಲೆಕ್ಕ ಮಾಡಿ. ಜಿಐ ತಗಡು ಬೇಡ, ಅದನ್ನು ಬೆಸೆಯುವ ಹೊಗೆ ಕುಡಿದರೆ ಜ್ವರ ಬರುತ್ತೆ.

ಬೋಲ್ಟು ಹಾಯುವ ಕಡೆ ಪೊಳ್ಳಿನೊಳಗೆ ಒಂದು ಪೈಪಿನ ತುಂಡು ಇಡಿಸಬೇಕು. ಇಲ್ಲಾಂದ್ರೆ ನಟ್ಟು ಬಿಗಿದ ಹಾಗೆ ಪಟ್ಟಿ ಅಪ್ಪಚ್ಚಿಯಾಗುತ್ತೆ, ಬೋಲ್ಟು ಸಡಿಲಾಗುತ್ತೆ. ಬೆಸುಗೆಯನ್ನು ಒಂದೊಂದು ಇಂಚು, ಜಾಗ ಬಿಟ್ಟು ಬಿಟ್ಟು ಹಾಕಿಸಿ. ಒಂದೇ ಸಮನೆ ಎಳೆದರೆ ಕಾವಿಗೆ ನೆಲದ ತಗಡು ಉಬ್ಬುತ್ತೆ. ಪಟ್ಟಿಯ ಎರಡು ತುದಿ ತೆರೆದಿರಲಿ, ಕೆಳಗೆ ಬೆರಳು ಗಾತ್ರದ ತೂತು ಇರಲಿ. ಬೆಸುಗೆ ಆರಿದ ಮೇಲೆ ಒಳಗೂ ಹೊರಗೂ ರೆಡ್ ಆಕ್ಸೈಡ್ ಬಳಿಯಿರಿ.

ಬಾಡಿಯನ್ನು ಚಾಸಿಗೆ ಬೆಸೆಯಬೇಡಿ

ಇದೇ ಮುಖ್ಯ ಮಾತು. "ಗಟ್ಟಿಯಾಗಿರ್ಲಿ ಅಣ್ಣಾ, ಬೆಸೆದೇ ಬಿಡೋಣ" ಅಂತ ವೆಲ್ಡರ್ ಹೇಳಿಯಾನು, ಒಪ್ಪಬೇಡಿ. ಬದು ದಾಟುವಾಗ ಒಂದು ಗಾಲಿ ಮೇಲೆ, ಒಂದು ಕೆಳಗೆ. ಆಗ ಚಾಸಿ ತಿರುಚುತ್ತೆ, ತಿರುಚಲೂ ಬೇಕು. ಬಾಡಿ ಬೆಸೆದಿದ್ದರೆ ಆ ತಿರುಚು ತಗಡಿನ ಮೇಲೆ ಬಿದ್ದು ಮೂಲೆಗಳು ಸೀಳುತ್ತವೆ. ನಡುವೆ ರಬ್ಬರ್ ಇಟ್ಟು ಬೋಲ್ಟಿನಿಂದಲೇ ಕೂಡಿಸಿ. ಗುಜರಿ ಅಂಗಡಿಯಲ್ಲಿ ಸಿಗುವ ಕನ್ವೇಯರ್ ಬೆಲ್ಟ್ ತುಂಡು ಇದಕ್ಕೆ ಚೆನ್ನಾಗಿದೆ. ಬ್ರಾಕೆಟ್‌ಗಳನ್ನು ಚಾಸಿಯ ಬದಿಯಲ್ಲಿರುವ ಹಳೇ ತೂತಿಗೇ ಹಾಕಿಸಿ. ಚಾಸಿಯ ಮೇಲಂಚು, ಕೆಳಅಂಚಿಗೆ ಹೊಸ ತೂತು ಕೊರೆದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತೆ.

ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಕಬಾರದು. ಬಾಡಿಯ ಉದ್ದ ಅಗಲ ಮೊದಲಿದ್ದಂತೇ ಇರಲಿ. ಆರ್.ಸಿ. ಪುಸ್ತಕದಲ್ಲಿ ಇದ್ದದ್ದಕ್ಕಿಂತ ಗಾಡಿ ಬೇರೆ ಆಗಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ.

ಗಾಡಿ ಓಡಿಸಿ ಒಂದು ವಾರಕ್ಕೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ, ರಬ್ಬರ್ ಕುಗ್ಗಿರುತ್ತೆ. ಗೊಬ್ಬರ ಹೇರಿದ ದಿನವೇ ನೆಲ ತೊಳೆಯಿರಿ. ಮಳೆಗಾಲ ಮುಗಿದ ಮೇಲೆ ಒಂದು ಕಡ್ಡಿ ಹಿಡಿದು ಆ ತೂತುಗಳ ಮಣ್ಣು ಕೆದಕಿ. ವರ್ಷಕ್ಕೆ ಅರ್ಧ ಗಂಟೆ ಕೆಲಸ, ಅಷ್ಟೇ.