ತೇದ ಕಲ್ಲು, ಉದುರಿದ ಎಲೆ

ಕಳೆದ ವರ್ಷ ಪರೀಕ್ಷೆಗೆ ಮುನ್ನ ವಿಜ್ಞಾನ ವಿಭಾಗದ ವಿದ್ಯಾರ್ಥಿಯೊಬ್ಬನು ತಾನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ ಒಂದು ಪುಟದ ಅನುವಾದವನ್ನು ತಿದ್ದಿಸಿಕೊಳ್ಳಲು ನನ್ನಲ್ಲಿಗೆ ಬಂದನು. ನದೀಮುಖಗಳನ್ನು ಕುರಿತ ಬರಹ ಅದು. ‘ಡೆಟ್ರಿಟಸ್’ ಎಂಬ ಮಾತು ಅದರಲ್ಲಿ ನಾಲ್ಕು ಸಲ ಬಂದಿತ್ತು. ನಾಲ್ಕು ಸಲವೂ ಅವನು ‘ಕಸ’ ಎಂದೇ ಬರೆದಿದ್ದನು. ನದಿಯು ಬೆಟ್ಟದಿಂದ ಕಸವನ್ನು ಹೊತ್ತು ತರುತ್ತದೆ, ಏಡಿಗಳು ಕಸವನ್ನು ತಿಂದು ಬದುಕುತ್ತವೆ - ಹೀಗೆ. ನಾನು ಕೆಂಪು ಶಾಯಿಯಿಂದ ಗೆರೆಯೆಳೆದೆನು. ‘‘ಹಾಗಾದರೆ ಏನೆಂದು ಬರೆಯಲಿ, ಸರ್?’’ ಎಂದು ಅವನು ಕೇಳಿದನು. ಗೆರೆಯೆಳೆದಷ್ಟು ಸುಲಭವಾಗಿ ಉತ್ತರ ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಬಾ ಎಂದು ಹೇಳಿ ಕಳುಹಿಸಿ, ಅಂದು ಸಂಜೆ ಬಾರ್ಕೂರಿನ ಹೊಳೆಯ ದಡಕ್ಕೆ ಹೋದೆನು.

ಲ್ಯಾಟಿನ್ ಭಾಷೆಯಲ್ಲಿ ‘ಡೆಟೆರೆರೆ’ ಎಂದರೆ ಉಜ್ಜಿ ಕಳೆಯುವುದು, ತೇಯುವುದು. ಹಾಗೆ ತೇದು ಹೋದದ್ದು ಡೆಟ್ರಿಟಸ್. ನಮ್ಮ ‘ತೇಯು’ ಧಾತುವಿಗೂ ಇದಕ್ಕೂ ನಂಟು ಕಲ್ಪಿಸುವ ಆಸೆ ಕನ್ನಡ ಅಧ್ಯಾಪಕನಿಗೆ ಸಹಜವಾದದ್ದೇ. ಆದರೆ ಅಂತಹ ನಂಟೇನೂ ಇಲ್ಲ. ಮಾತು ಮೊದಲು ಸೇರಿದ್ದು ಭೂವಿಜ್ಞಾನದ ಪಾಲಿಗೆ. ಸ್ಕಾಟ್ಲೆಂಡಿನ ಜೇಮ್ಸ್ ಹಟ್ಟನ್ನನು ಭೂಮಿಯ ಸಿದ್ಧಾಂತವನ್ನು ಕುರಿತ ತನ್ನ ಗ್ರಂಥವನ್ನು 1795ರಲ್ಲಿ ಪ್ರಕಟಿಸಿ, ಇಂದಿನ ನೆಲವೆಲ್ಲ ಹಿಂದಿನ ನೆಲಗಳ ಸವೆತದಿಂದಲೇ ರಚಿತವಾದದ್ದೆಂದು ವಾದಿಸಿದನು. ಜೀವವಿಜ್ಞಾನಿಗಳು ಇದೇ ಮಾತನ್ನು ಆಮೇಲೆ ಎತ್ತಿಕೊಂಡು, ಸತ್ತ ಎಲೆ, ಕಡ್ಡಿ, ಜೀವಿಗಳ ಮಲ, ಕಳೇಬರಗಳ ನುಣ್ಣನೆಯ ಚೂರುಗಳಿಗೆ ಅನ್ವಯಿಸಿದರು. ಒಂದೇ ಹೆಸರು, ಒಬ್ಬರಿಗೆ ಅದು ಕಲ್ಲು, ಇನ್ನೊಬ್ಬರಿಗೆ ಎಲೆ.

ಮೊದಲು ಕಲ್ಲಿನ ಮಾತು. ಸೀತಾನದಿ ಹುಟ್ಟುವುದು ಆಗುಂಬೆಯ ಆಸುಪಾಸಿನ ಘಟ್ಟಗಳಲ್ಲಿ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕ ಮಳೆ. ಅಡಿಯಲ್ಲಿರುವುದು 250 ಕೋಟಿ ವರ್ಷಗಳಿಗೂ ಹಳೆಯದಾದ ಶಿಲೆ. ಇಷ್ಟು ನೀರು ಅಷ್ಟು ಕಾಲ ಬಿದ್ದರೆ ಯಾವ ಕಲ್ಲು ತಾನೆ ಉಳಿದೀತು? ಶಿಲೆಯಲ್ಲಿರುವ ಫೆಲ್ಸ್‌ಪಾರ್ ಎಂಬ ಖನಿಜವು ಮಳೆಯ ನೀರಿಗೆ ಸೋತು ಜೇಡಿಯಾಗುತ್ತದೆ. ಬೆಣಚು ಹಾಗೆ ಸೋಲದು. ಅದು ಹರಳುಹರಳಾಗಿ ಬಿಡಿಸಿಕೊಂಡು, ಉರುಳುರುಳಿ ದುಂಡಗಾಗಿ, ನಮ್ಮ ಕಡೆಯವರು ಹೊಯ್ಗೆ ಎನ್ನುವ ಮರಳಾಗುತ್ತದೆ. ಭೂವಿಜ್ಞಾನಿಗಳಲ್ಲಿ ಇದಕ್ಕೆ ಅಳತೆಯುಂಟು: 2 ಮಿಲಿಮೀಟರಿಗಿಂತ ಕಿರಿದಾಗಿ 0.0625 ಮಿಲಿಮೀಟರಿಗಿಂತ ಹಿರಿದಾಗಿದ್ದರೆ ಮರಳು. ಅದಕ್ಕೂ ಸಣ್ಣದು ಗೋಡು. ಅದಕ್ಕೂ ಸಣ್ಣದು ಜೇಡಿ. ಆಷಾಢದಲ್ಲಿ ಮಾಬುಕಳದ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದವರು ಕೆಂಪು ನೀರನ್ನು ಕಂಡಿರುತ್ತಾರೆ. ಅವರು ಕಂಡದ್ದು ಘಟ್ಟವೇ ಕಡಲಿಗೆ ಇಳಿದುಹೋಗುತ್ತಿರುವ ದೃಶ್ಯವನ್ನು.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಕರಾವಳಿಯ ಮುರಕಲ್ಲು ಡೆಟ್ರಿಟಸ್ ಅಲ್ಲ, ಅದರ ಪ್ರತಿಪಕ್ಷ. ಮಳೆಯು ಕರಗಿಸಬಲ್ಲದ್ದನ್ನೆಲ್ಲ ಕರಗಿಸಿ ಒಯ್ದ ಮೇಲೆ ಇದ್ದಲ್ಲಿಯೇ ನಿಂತ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶವೇ ಮುರಕಲ್ಲು. 1807ರಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕನನ್ನನು ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1801ರಲ್ಲಿ, ನಮ್ಮ ಜಿಲ್ಲೆಯಲ್ಲಿಯೂ ಸಂಚರಿಸಿದ್ದನು. ಹೊರಟುಹೋದದ್ದು ಹೊಯ್ಗೆ, ಮನೆಯಲ್ಲಿ ಉಳಿದದ್ದು ಮುರಕಲ್ಲು.

ಹೊರಟುಹೋದದ್ದು ಎಲ್ಲಿಗೆ ಸೇರಿತು? ಬಾರ್ಕೂರಿನಿಂದ ಪಶ್ಚಿಮಕ್ಕೆ ಹಂಗಾರಕಟ್ಟೆಯ ಕಡೆ ಹೋದರೆ ಉತ್ತರ ಕಣ್ಣೆದುರಿಗೇ ಇದೆ. ಸೀತಾ ಮತ್ತು ಸ್ವರ್ಣಾ ನದಿಗಳು ಜೊತೆಗೂಡಿ ಕಡಲು ಸೇರುವ ಅಳಿವೆಯ ಬಳಿ ಕೋಡಿಬೆಂಗ್ರೆ ಇದೆ. ಅತ್ತ ಕಡಲು, ಇತ್ತ ಹೊಳೆ, ನಡುವೆ ನೀಳವಾದ ಮರಳಿನ ನಾಲಗೆ. ಅದರ ಮೇಲೆ ಮನೆಗಳಿವೆ, ತೆಂಗುಗಳಿವೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಹೊಳೆಯ ಒಳಗೆ ಅಲ್ಲಲ್ಲಿ ಕುದ್ರುಗಳು. ಬೆಂಗ್ರೆ, ಕುದ್ರು - ತೇದು ಬಂದ ನೆಲಕ್ಕೆ ನಮ್ಮ ಜನ ಕೊಟ್ಟ ಹೆಸರುಗಳು ಇವು. ನನ್ನ ವಿದ್ಯಾರ್ಥಿ ‘ಕಸ’ವೆಂದು ಬರೆದುದರ ಮೇಲೆ ಊರುಗಳೇ ನಿಂತಿವೆ.

ಇನ್ನು ಎಲೆಯ ಮಾತು. ಅಳಿವೆಯ ಅಂಚಿನಲ್ಲಿ ಕಾಂಡ್ಲದ ಗಿಡಗಳಿವೆ. ಊರುಗೋಲಿನಂಥ ಬೇರುಗಳನ್ನು ಕೆಸರಿಗೆ ಇಳಿಬಿಟ್ಟು ನಿಂತಿರುವ ಇವುಗಳ ಎಲೆ ದಪ್ಪ, ಒಗರು. ಹಸುರಾಗಿರುವಾಗ ಅದನ್ನು ತಿನ್ನುವ ಪ್ರಾಣಿಗಳು ಕಡಮೆ. ಹಳದಿಯಾಗಿ ಉದುರಿ ನೀರಿಗೆ ಬಿದ್ದ ಮೇಲೆಯೇ ಅದರ ನಿಜವಾದ ಬಾಳು ಮೊದಲಾಗುವುದು. ಮೊದಲು ಒಗರೂ ಸಕ್ಕರೆಯೂ ನೀರಿಗೆ ಬಿಟ್ಟುಕೊಳ್ಳುತ್ತವೆ. ಅನಂತರ ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಎಲೆಯ ಮೇಲೆ ಮನೆಮಾಡುತ್ತವೆ. ಏಡಿಗಳು ಅದನ್ನು ಹರಿದು ಚೂರುಮಾಡುತ್ತವೆ. ಚೂರು ಸಣ್ಣದಾದಷ್ಟೂ ಸೂಕ್ಷ್ಮಜೀವಿಗಳು ಕೂರಲು ಮೈ ಹೆಚ್ಚು. ಅಮೆರಿಕದ ಫ್ಲೋರಿಡಾದ ಕಾಂಡ್ಲವನದಲ್ಲಿ ಓಡಮ್ ಮತ್ತು ಹೀಲ್ಡ್ ಎಂಬಿಬ್ಬರು ವಿಜ್ಞಾನಿಗಳು ಇದನ್ನು ಕೂಲಂಕಷವಾಗಿ ಪರೀಕ್ಷಿಸಿ 1970ರ ದಶಕದಲ್ಲಿ ಪ್ರಕಟಿಸಿದರು. ಅವರು ಕಂಡದ್ದು ವಿಸ್ಮಯಕರವಾದದ್ದು: ಎಲೆ ಕೊಳೆಯುತ್ತ ಹೋದಂತೆ ಅದರ ಚೂರಿನಲ್ಲಿ ಪ್ರೋಟೀನಿನ ಪ್ರಮಾಣ ಇಳಿಯುವುದಿಲ್ಲ, ಏರುತ್ತದೆ. ಏರುವುದು ಎಲೆಯದಲ್ಲ, ಎಲೆಯ ಮೇಲೆ ಬೆಳೆದ ಸೂಕ್ಷ್ಮಜೀವಿಗಳದು. ಸಿಗಡಿ ಅದನ್ನು ನುಂಗುತ್ತದೆ, ಮೇಲಿನದನ್ನು ಅರಗಿಸಿಕೊಂಡು ಎಲೆಯ ಚೂರನ್ನು ಮತ್ತೆ ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಮತ್ತೆ ಜೀವ ಹತ್ತುತ್ತದೆ. ಮತ್ತೊಂದು ಬಾಯಿ ಅದಕ್ಕಾಗಿ ಕಾದಿರುತ್ತದೆ. ಒಂದೇ ತಟ್ಟೆಯಲ್ಲಿ ಹಲವು ಪಂಕ್ತಿಯವರು ಉಂಡಂತೆ.

ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರಿಗೆ ಇದನ್ನು ತಿಳಿಸಿ ಹೇಳಹೊರಟೆನು. ಅವರು ಮುಗಿಯಗೊಡಲಿಲ್ಲ. ‘‘ಕಾಂಡ್ಲ ಇಲ್ದಿರೆ ಚಟ್ಲಿ ಎಲ್ಲಿಂದ ಬತ್ತ್ ಮರಾಯ್ರೆ?’’ ಎಂದು ಬಲೆಯ ಕಡೆಗೇ ತಿರುಗಿದರು.

ಅಳಿವೆಯಲ್ಲಿ ಕಲ್ಲಿನ ಚೂರೂ ಎಲೆಯ ಚೂರೂ ಬೇರೆ ಬೇರೆಯಾಗಿ ಉಳಿಯುವುದಿಲ್ಲ. ಸಿಹಿನೀರು ಉಪ್ಪುನೀರಿಗೆ ಕೂಡಿದೊಡನೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಎಲೆಯ ಪುಡಿಯನ್ನೂ ಅಪ್ಪಿಕೊಂಡು ತಳಕ್ಕೆ ಇಳಿಯುತ್ತವೆ. ಕಾಂಡ್ಲದ ಬೇರು ನೀರಿನ ಓಟವನ್ನು ತಡೆದು ಆ ಕೆಸರನ್ನು ನಿಲ್ಲಿಸುತ್ತದೆ, ನಿಂತ ಕೆಸರಿನಲ್ಲಿ ಮತ್ತೆ ಕಾಂಡ್ಲವೇ ಮೊಳೆಯುತ್ತದೆ. ಇಳಿತದ ಹೊತ್ತಿನಲ್ಲಿ ಒಂದು ಹಿಡಿ ಕೆಸರನ್ನು ಎತ್ತಿ ನೋಡಿ. ಅದರಲ್ಲಿ ಘಟ್ಟದ ಪಾಲೆಷ್ಟು, ಗಿಡದ ಪಾಲೆಷ್ಟು ಎಂದು ಬೆರಳು ಹೇಳಲಾರದು. ಎರಡು ಶಾಸ್ತ್ರಗಳು ಒಂದೇ ಹೆಸರನ್ನು ಹಂಚಿಕೊಂಡದ್ದರಲ್ಲಿ ತಪ್ಪೇನೂ ಇಲ್ಲವೆಂದು ನನಗೆ ತೋರಿದ್ದು ಆ ಹಿಡಿಯಿಂದಲೇ.

ಹೆಸರಿನ ಚರ್ಚೆ ಪಂಡಿತರ ಕಾಲಹರಣವೆಂದು ವಾಚಕರು ಎಣಿಸಬಾರದು. ‘ಕಸ’ವೆಂದು ಕರೆದದ್ದನ್ನು ಯಾರು ಬೇಕಾದರೂ ಬಾಚಿ ಒಯ್ಯಬಹುದು, ಯಾರೂ ಲೆಕ್ಕ ಕೇಳುವುದಿಲ್ಲ. ಕಾಂಡ್ಲದ ಕೆಸರು ಕಸದ ಜಾಗವೆನಿಸಿದರೆ ಅದನ್ನು ಮಣ್ಣು ಹಾಕಿ ತುಂಬಿಸುವುದು ಸುಧಾರಣೆಯೆನಿಸುತ್ತದೆ. ಹೊಯ್ಗೆ ಪುಕ್ಕಟೆ ಬಂದದ್ದೆನಿಸಿದರೆ ಲಾರಿಗೆ ಮಿತಿಯೆಲ್ಲಿಯದು? ದೋಣಿಯ ದಾರಿಗೆ ಅಡ್ಡಬಂದ ದಿಬ್ಬವನ್ನು ತೆಗೆಯಲೇಬೇಕು, ಮನೆ ಕಟ್ಟುವವನಿಗೂ ಮರಳು ಬೇಕು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಳೆ ತಂದುದಕ್ಕಿಂತ ಹೆಚ್ಚಾಗಿ ತೆಗೆದರೆ ತಳ ಆಳವಾಗುತ್ತದೆ, ದಡ ಕುಸಿಯುತ್ತದೆ, ಭರತದ ಉಪ್ಪುನೀರು ಮೇಲೇರಿ ಬಾವಿಗೂ ಗದ್ದೆಗೂ ಬರುತ್ತದೆ. ಕಡಲು ಕೊರೆಯುವ ದಂಡೆಗೆ ಹೊಸ ಮರಳು ಬರಬೇಕಾದದ್ದೂ ಬಹುಮಟ್ಟಿಗೆ ಹೊಳೆಯಿಂದಲೇ.

ಹೊಳೆಯಿಂದ ಹಿಂದಿರುಗುವಾಗ ಕತ್ತಲೆ ಬಸದಿಯ ಮುಂದೆ ಹಾದುಬಂದೆನು. ಆಳುಪರ ಕಾಲದಲ್ಲಿ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ರಾಜ್ಯವೊಂದರ ಕೇಂದ್ರವಾಗಿ ಮೆರೆದ ಊರು ಇದು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಶಬ್ದಗಳನ್ನು ತೂಗುತ್ತಿದ್ದೆನು. ‘ಸವಕಲು’ ಎನ್ನೋಣವೆಂದರೆ ಸವಕಲು ನಾಣ್ಯದ ನೆನಪಾಗಿ ಬೆಲೆಗೆಟ್ಟದ್ದೆಂಬ ಅರ್ಥ ಬರುತ್ತದೆ. ಶಾಸನಗಳಲ್ಲಿ ‘ಬಾರಕೂರು ಗದ್ಯಾಣ’ ಎಂದು ನಾಣ್ಯಕ್ಕೇ ಹೆಸರು ಕೊಟ್ಟ ಊರಿನಲ್ಲಿ ಅದು ಒಪ್ಪದು. ‘ಶಿಲಾಚೂರ್ಣ’ದಲ್ಲಿ ಎಲೆಗೆ ಎಡೆಯಿಲ್ಲ. ‘ಅವಶೇಷ’ವೆಂದರೆ ಕಥೆ ಮುಗಿದಂತಾಯಿತು. ಬಸದಿಯ ಕಲ್ಲುಗಳನ್ನು ನೋಡುತ್ತಿದ್ದಂತೆ ‘ಜೀರ್ಣ’ವೆಂಬ ಮಾತು ನೆನಪಾಯಿತು. ಹಳೆಯ ಗುಡಿಯೂ ಜೀರ್ಣ, ಉಂಡ ಅನ್ನವೂ ಜೀರ್ಣ. ಸವೆಯುವುದೂ ಅರಗುವುದೂ ಸಂಸ್ಕೃತದಲ್ಲಿ ಒಂದೇ ಧಾತುವಿನ ಮಕ್ಕಳು. ಭೂವಿಜ್ಞಾನಿಯ ಕಲ್ಲಿಗೂ ಜೀವವಿಜ್ಞಾನಿಯ ಎಲೆಗೂ ಇದು ಸಮನಾಗಿ ಹೊಂದುತ್ತದೆ.

ಎರಡು ದಿನದ ಮೇಲೆ ಹುಡುಗನು ಬಂದನು. ‘ಜೀರ್ಣದ್ರವ್ಯ’ ಎಂದು ಬರೆಯಲು ಹೇಳಿದೆನು. ಅವನಿಗೆ ಪೂರ್ಣ ಸಮಾಧಾನವಾದಂತೆ ಕಾಣಲಿಲ್ಲ. ‘‘ಪರೀಕ್ಷಕರು ಒಪ್ಪುತ್ತಾರೆಯೆ, ಸರ್?’’ ಎಂದನು. ಪಕ್ಕದಲ್ಲಿ ‘ಡೆಟ್ರಿಟಸ್’ ಎಂದು ಕನ್ನಡ ಅಕ್ಷರದಲ್ಲಿಯೇ ಬರೆದುಬಿಡು ಎಂದೆನು. ಅವನು ಅಲ್ಲಿಯೇ ಕುಳಿತು, ನಾಲ್ಕು ಕಡೆಯೂ ‘ಕಸ’ವನ್ನು ಹೊಡೆದುಹಾಕಿ, ಎರಡನ್ನೂ ಬರೆದುಕೊಂಡು ಹೋದನು.