ಒಂದು ಮೂಲ ಪಾಸ್‌ವರ್ಡ್, ಪ್ರತಿ ತಂತ್ರಾಂಶಕ್ಕೂ ಬೇರೆ ಪಾಸ್‌ವರ್ಡ್

ಹರಿಹರ ತಾಲ್ಲೂಕಿನ ಯಾವುದೇ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ದಿನದ ಕೆಲಸ ಪಾಸ್‌ವರ್ಡ್‌ನಿಂದಲೇ ಆರಂಭವಾಗುತ್ತದೆ. ತೆರಿಗೆ ಬೇಡಿಕೆ ಮತ್ತು ವಸೂಲಾತಿಗೆ ಪಂಚತಂತ್ರ, ನಮೂನೆ 9 ಮತ್ತು 11ಕ್ಕೆ ಇ-ಸ್ವತ್ತು, ಕ್ರಿಯಾ ಯೋಜನೆ ಹಾಗೂ ಪಾವತಿಗೆ ಇ-ಗ್ರಾಮ ಸ್ವರಾಜ್, ನಾಗರಿಕರ ಅರ್ಜಿಗಳಿಗೆ ಸೇವಾ ಸಿಂಧು, ಇವುಗಳ ಜತೆಗೆ ಕಚೇರಿಯ ಇ-ಮೇಲ್. ಇಷ್ಟನ್ನೂ ನೆನಪಿಟ್ಟುಕೊಳ್ಳುವುದು ಕಷ್ಟವಾದ್ದರಿಂದ ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸುವ ರೂಢಿ ಬೆಳೆದಿದೆ. ಅದನ್ನೂ ಚೀಟಿಯಲ್ಲಿ ಬರೆದು ಮಾನಿಟರ್‌ನ ಅಂಚಿಗೆ ಅಂಟಿಸಿರುವುದು ಅಪರೂಪವೇನಲ್ಲ.

ಈ ರೂಢಿಯ ಅಪಾಯವು ಕಚೇರಿಯ ಹೊರಗಿನಿಂದ ಬರುತ್ತದೆ. ಬೆಂಗಳೂರಿನ ದಿನಸಿ ಮಾರಾಟ ಸಂಸ್ಥೆ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿಕೆಯಾದ ಸಂಗತಿ 2020ರ ನವೆಂಬರ್‌ನಲ್ಲಿ ಬೆಳಕಿಗೆ ಬಂತು. 2021ರ ಏಪ್ರಿಲ್‌ನಲ್ಲಿ ಆ ಮಾಹಿತಿ ಅಂತರ್ಜಾಲದಲ್ಲಿ ಬಹಿರಂಗವಾಯಿತು. ಅದರಲ್ಲಿ ಇ-ಮೇಲ್ ವಿಳಾಸಗಳೂ ಸಂಕೇತರೂಪದ ಪಾಸ್‌ವರ್ಡ್‌ಗಳೂ ಇದ್ದವು. ಇಂತಹ ಪಟ್ಟಿಯಿಂದ ದುರ್ಬಲ ಪಾಸ್‌ವರ್ಡ್‌ಗಳನ್ನು ಬಿಡಿಸಿಕೊಂಡವರು ಅವನ್ನೇ ಬೇರೆ ತಾಣಗಳಲ್ಲಿ ಯಂತ್ರದ ಮೂಲಕ ಪ್ರಯತ್ನಿಸುತ್ತಾರೆ. ತರಕಾರಿ ತರಿಸಲು ಬಳಸಿದ ಪಾಸ್‌ವರ್ಡೇ ಕಚೇರಿಯ ಇ-ಮೇಲ್‌ಗೂ ಇದ್ದರೆ, ಸೋರಿದ್ದು ತರಕಾರಿ ಅಂಗಡಿಯಲ್ಲಾದರೂ ಬಾಗಿಲು ತೆರೆಯುವುದು ಪಂಚಾಯಿತಿಯದು.

ಇದನ್ನು ಅರಿತ ಕೆಲವರು ಒಂದು ಪದಕ್ಕೆ ತಾಣದ ಹೆಸರನ್ನು ಸೇರಿಸುತ್ತಾರೆ: ಒಂದೆಡೆ ‘ಹರಿಹರ@ಸ್ವತ್ತು’, ಇನ್ನೊಂದೆಡೆ ‘ಹರಿಹರ@ಸಿಂಧು’. ಇದು ಬೇರೆ ಬೇರೆ ಪಾಸ್‌ವರ್ಡ್ ಅಲ್ಲ, ಒಂದೇ ಪಾಸ್‌ವರ್ಡ್‌ನ ಎರಡು ವೇಷ. ಒಂದನ್ನು ಕಂಡವನು ಉಳಿದೆಲ್ಲವನ್ನೂ ಊಹಿಸಬಲ್ಲ.

ಸರಿಯಾದ ವಿಧಾನದಲ್ಲಿಯೂ ಮೂಲ ಪಾಸ್‌ವರ್ಡ್ ಮತ್ತು ತಾಣದ ಹೆಸರು ಎರಡೂ ಸೇರುತ್ತವೆ. ಆದರೆ ಸೇರಿಸುವ ಕೆಲಸವನ್ನು ಮನುಷ್ಯ ಮಾಡದೆ, ಹಿಂದಕ್ಕೆ ಬಿಡಿಸಲಾಗದ ಗಣಿತ ಕ್ರಿಯೆಯೊಂದು ಮಾಡುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಭತ್ತ ಮಂಡಕ್ಕಿಯಾಗುತ್ತದೆ, ಮಂಡಕ್ಕಿ ಮರಳಿ ಭತ್ತವಾಗದು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಏಕೆಂದರೆ ಈ ಕ್ರಿಯೆಗೆ ಅದೇ ಮೂಲವನ್ನೂ ಅದೇ ಹೆಸರನ್ನೂ ಕೊಟ್ಟರೆ ಪ್ರತಿ ಬಾರಿಯೂ ಅಕ್ಷರಶಃ ಅದೇ ಫಲಿತಾಂಶ ಬರುತ್ತದೆ, ಹೆಸರಿನಲ್ಲಿ ಒಂದಕ್ಷರ ಬದಲಾದರೂ ಪೂರ್ಣ ಬೇರೆಯಾದುದು ಬರುತ್ತದೆ. ಆದ್ದರಿಂದ ಯಾವ ಪಾಸ್‌ವರ್ಡನ್ನೂ ಎಲ್ಲಿಯೂ ಬರೆದಿಡಬೇಕಾಗಿಲ್ಲ. ಬೇಕಾದಾಗ ಮತ್ತೆ ಹುಟ್ಟಿಸಿಕೊಳ್ಳಬಹುದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡ್ಯಾನ್ ಬೋನೆ, ಜಾನ್ ಮಿಚೆಲ್ ಮತ್ತು ಸಂಗಡಿಗರು 2005ರಲ್ಲಿ ಇಂತಹ ಸಾಧನವೊಂದನ್ನು ಬ್ರೌಸರ್‌ಗೆ ಅಳವಡಿಸಿ ತೋರಿಸಿದರು. ತಾಣದ ವಿಳಾಸವನ್ನು ಸಾಧನವೇ ಓದಿಕೊಳ್ಳುತ್ತಿದ್ದುದರಿಂದ ಇನ್ನೊಂದು ಪ್ರಯೋಜನವೂ ದೊರೆಯಿತು. ಅಸಲಿ ತಾಣವನ್ನು ಹೋಲುವ ನಕಲಿ ತಾಣಕ್ಕೆ ಬಳಕೆದಾರ ಮೋಸಹೋದರೂ ಅಲ್ಲಿಗೆ ತಲಪುವುದು ಅಸಲಿ ತಾಣದಲ್ಲಿ ಕೆಲಸಕ್ಕೆ ಬಾರದ ಪಾಸ್‌ವರ್ಡ್. ಹೆಸರನ್ನು ಕೈಯಿಂದಲೇ ಟೈಪ್ ಮಾಡುವ ಸಾಧನಗಳಲ್ಲಿ ಈ ರಕ್ಷಣೆ ಇರುವುದಿಲ್ಲ.

ಇಲ್ಲಿ ದೌರ್ಬಲ್ಯವಿರುವುದು ಗಣಿತದಲ್ಲಲ್ಲ, ಮೂಲ ಪಾಸ್‌ವರ್ಡ್‌ನಲ್ಲಿ. ಒಂದು ತಾಣದ ಪಾಸ್‌ವರ್ಡ್ ಕಳ್ಳನಿಗೆ ಸಿಕ್ಕಿತೆನ್ನೋಣ. ಅವನು ತನ್ನದೇ ಗಣಕಯಂತ್ರದಲ್ಲಿ ಕೋಟ್ಯಂತರ ಪದಗಳನ್ನು ಮೂಲವೆಂದು ಊಹಿಸಿ, ಯಾವುದರಿಂದ ಆ ಪಾಸ್‌ವರ್ಡ್ ಬರುತ್ತದೆಂದು ಪರೀಕ್ಷಿಸಬಹುದು. ಮೂಲ ಸಿಕ್ಕಿದರೆ ಎಲ್ಲವೂ ಸಿಕ್ಕಂತೆ. ಇದಕ್ಕೆ ತಡೆಯಾಗಿ ಉತ್ತಮ ಸಾಧನಗಳು ಕ್ರಿಯೆಯನ್ನು ಬೇಕೆಂದೇ ನಿಧಾನಗೊಳಿಸಿ ಸಾವಿರಾರು ಬಾರಿ ಪುನರಾವರ್ತಿಸುತ್ತವೆ. 2000ನೇ ಇಸವಿಯ ಮಾನದಂಡದಲ್ಲಿ ಕನಿಷ್ಠ 1,000 ಆವರ್ತನಗಳು ಸಾಕೆನಿಸಿದ್ದವು, ಈಗಿನ ಶಿಫಾರಸು 6 ಲಕ್ಷದವರೆಗೆ ಬಂದಿದೆ. ಹಾಗಿದ್ದರೂ 577601 ಎಂಬ ಪಿನ್ ಕೋಡ್, ಕೆಎ-17ರ ವಾಹನ ಸಂಖ್ಯೆ, ಮಗುವಿನ ಹೆಸರು, ಹರಿಹರೇಶ್ವರ ಅಥವಾ ತುಂಗಭದ್ರೆಯ ಹೆಸರು ಮೂಲವಾಗಿದ್ದರೆ ಯಾವ ಆವರ್ತನವೂ ಕಾಪಾಡದು. ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳು ಮೂಲಕ್ಕೆ ಸೂಕ್ತ. ಅವನ್ನು ಮನಸ್ಸಿಗೆ ತೋಚಿದಂತೆ ಆರಿಸದೆ, ದೊಡ್ಡ ಪದಪಟ್ಟಿಯಿಂದ ದಾಳ ಹಾಕಿ ಆರಿಸಬೇಕು. ಪಟ್ಟಿಯಲ್ಲಿ 7,776 ಪದಗಳಿದ್ದರೆ ನಾಲ್ಕು ಪದಗಳಿಗೇ 3,600 ಲಕ್ಷ ಕೋಟಿಗೂ ಹೆಚ್ಚಿನ ಸಾಧ್ಯತೆಗಳಿರುತ್ತವೆ. ಆರು ಪದಗಳಿಗೆ ಇದು ಅದರ ಆರು ಕೋಟಿ ಪಟ್ಟು.

ಬಳಕೆಯಲ್ಲಿ ಸಣ್ಣ ತೊಡಕುಗಳಿವೆ. ಕೆಲವು ತಂತ್ರಾಂಶಗಳು ನಿಗದಿತ ಅವಧಿಗೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸುತ್ತವೆ. ಆಗ ತಾಣದ ಹೆಸರಿನ ಜತೆ 1, 2, 3 ಎಂಬ ಕ್ರಮಸಂಖ್ಯೆಯನ್ನು ಸೇರಿಸಬೇಕು, ಎಷ್ಟನೆಯದು ನಡೆಯುತ್ತಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಈ ಸಂಖ್ಯೆ ಗುಟ್ಟಾಗಿರಬೇಕಾಗಿಲ್ಲ. ಲೆಸ್‌ಪಾಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಪಾಸ್‌ವರ್ಡ್‌ಗಳನ್ನು ಗೂಢಲಿಪಿಯ ಕಡತದಲ್ಲಿ ಕೂಡಿಡುವ ಕೀಪಾಸ್‌ನಂತಹ ಸಾಧನವು ಅನೇಕರಿಗೆ ಇನ್ನೂ ಅನುಕೂಲಕರ. ಅದರಲ್ಲಿ ಮೂಲ ಪಾಸ್‌ವರ್ಡನ್ನು ಊಹಿಸಲು ಯತ್ನಿಸುವವನಿಗೆ ಮೊದಲು ಆ ಕಡತವೇ ಕೈಗೆ ಸಿಗಬೇಕು. ಆದರೆ ಕಡತ ಕೆಟ್ಟರೆ ಎಲ್ಲವೂ ಹೋಗುತ್ತದೆ, ಪ್ರತಿ ಇಡುವ ಶಿಸ್ತು ಬೇಕು. ಕಚೇರಿಯ ಗಣಕಯಂತ್ರದಲ್ಲಿ ಇವೆರಡರಲ್ಲಿ ಯಾವುದನ್ನೇ ಅಳವಡಿಸುವುದಿದ್ದರೂ ಮೇಲಧಿಕಾರಿಗಳ ಅನುಮತಿ ಪಡೆಯುವುದು ಅಗತ್ಯ. ಝೆರಾಕ್ಸ್ ಅಂಗಡಿಯ ಅಥವಾ ಸೈಬರ್ ಕೇಂದ್ರದ ಗಣಕಯಂತ್ರದಲ್ಲಿ ಮೂಲ ಪಾಸ್‌ವರ್ಡನ್ನು ಒಮ್ಮೆಯೂ ಟೈಪ್ ಮಾಡಬಾರದು.

ಪಂಚಾಯಿತಿಗೆ ವಿಶೇಷವಾಗಿ ಅನ್ವಯಿಸುವ ಒಂದು ಮಾತು ವರ್ಗಾವಣೆಗೆ ಸಂಬಂಧಿಸಿದ್ದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಪ್ರಭಾರ ವಹಿಸಿಕೊಡುವಾಗ ಕಡತ, ನಗದು ಪುಸ್ತಕ, ಬೀರುವಿನ ಕೀಲಿಗಳ ಜತೆ ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದು ಕೊಡುವುದುಂಟು. ಆ ಚೀಟಿಯಲ್ಲಿ ಮೂಲ ಪಾಸ್‌ವರ್ಡ್ ಇದ್ದರೆ ಆ ಅಧಿಕಾರಿಯ ಬ್ಯಾಂಕ್ ಖಾತೆಯ ಪಾಸ್‌ವರ್ಡೂ ಅದರೊಂದಿಗೇ ಹೋದಂತೆ. ಆದ್ದರಿಂದ ಸ್ವಂತ ಖಾತೆಗಳಿಗೂ ಕಚೇರಿಯ ಖಾತೆಗಳಿಗೂ ಒಂದೇ ಮೂಲವನ್ನು ಇಡತಕ್ಕದ್ದಲ್ಲ. ಪ್ರಭಾರದ ದಿನ ಹೊಸದಾಗಿ ಬಂದವರ ಹೆಸರು ಮತ್ತು ಮೊಬೈಲ್ ಸಂಖ್ಯೆಗೆ ಖಾತೆಯನ್ನು ಬದಲಿಸಿ, ಅವರೇ ಹೊಸ ಪಾಸ್‌ವರ್ಡ್ ಹಾಕಿಕೊಳ್ಳಬೇಕು. ಡಾಟಾ ಎಂಟ್ರಿ ಆಪರೇಟರ್‌ಗೆ ಪ್ರತ್ಯೇಕ ಲಾಗಿನ್ ಇರುವೆಡೆ ಅಧಿಕಾರಿಯ ಲಾಗಿನ್ ಕೊಡಬಾರದು, ಡಿಜಿಟಲ್ ಸಹಿಯ ಕೀಲಿಯನ್ನಂತೂ ಮೇಜಿನ ಮೇಲೆ ಬಿಟ್ಟು ಹೋಗಬಾರದು. ಬೇರೊಬ್ಬರ ಪಾಸ್‌ವರ್ಡ್ ಅಥವಾ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66-ಸಿ ಅಡಿ ಅಪರಾಧ. ಇದಕ್ಕೆ 3 ವರ್ಷದವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ. ಹಣ ಕೈತಪ್ಪಿದ್ದು ತಿಳಿದ ಕ್ಷಣದಲ್ಲೇ 1930 ಸಂಖ್ಯೆಗೆ ಕರೆ ಮಾಡಬೇಕು.